ವಿಲಿಯಂ ರಾಬಿನ್ಸನ್

ವಿಲಿಯಂ ರಾಬಿನ್ಸನ್ (ಜನನ: 5 ಜುಲೈ 1838, ಮರಣ: ಮೇ 1935) ಐರ್ಲೆಂಡ್ ಮೂಲದ ತೋಟಗಾರ, ಪತ್ರಿಕಾ ಸಂಪಾದಕ ಹಾಗೂ ಲೇಖಕ. ಗಾಜಿನ ಮನೆಯಲ್ಲಿ ಬೆಳೆಸಿದ ಸಸಿಗಳನ್ನು ಪ್ರತಿವರ್ಷ ಹೊಸದಾಗಿ ನೆಟ್ಟು ಕಿತ್ತೆಸೆಯುವ ವಿಕ್ಟೋರಿಯಾ ಕಾಲದ ಉದ್ಯಾನ ಪದ್ಧತಿಯನ್ನು ವಿರೋಧಿಸಿದ ಇವರು, ಒಮ್ಮೆ ನೆಟ್ಟರೆ ಹೆಚ್ಚಿನ ಆರೈಕೆಯಿಲ್ಲದೆ ತಾವಾಗಿಯೇ ಬೆಳೆದು ಹೂಬಿಡುವ ಗಟ್ಟಿ ಸಸ್ಯಗಳನ್ನು ಮನೆತೋಟಕ್ಕೆ ತರಬೇಕೆಂದು ವಾದಿಸಿದರು. 1870ರಲ್ಲಿ ಪ್ರಕಟವಾದ 'ದಿ ವೈಲ್ಡ್ ಗಾರ್ಡನ್' ಮತ್ತು 1883ರಲ್ಲಿ ಪ್ರಕಟವಾದ 'ದಿ ಇಂಗ್ಲಿಷ್ ಫ್ಲವರ್ ಗಾರ್ಡನ್' ಇವರ ಅತ್ಯಂತ ಪ್ರಭಾವಶಾಲಿ ಕೃತಿಗಳು. ಹುಲ್ಲುಹಾಸಿನ ನಡುವೆ ಅರಳುವ ಗಡ್ಡೆ ಹೂಗಳು, ಮರಗಳ ನೆರಳಿನಲ್ಲಿ ಹರಡಿಕೊಂಡ ಕಾಡುಹೂಗಳು, ಬಹುವಾರ್ಷಿಕ ಹೂಗಿಡಗಳ ಮಿಶ್ರ ಅಂಚುಪಾತಿಗಳು ಇಂದು ಇಂಗ್ಲಿಷ್ ಉದ್ಯಾನದ ಗುರುತಾಗಿರುವುದಕ್ಕೆ ಇವರ ಬರಹಗಳೂ ಪ್ರಮುಖ ಕಾರಣ.

ಆರಂಭಿಕ ಜೀವನ

ರಾಬಿನ್ಸನ್ ಐರ್ಲೆಂಡಿನ ಸಾಮಾನ್ಯ ಕುಟುಂಬವೊಂದರಲ್ಲಿ ಜನಿಸಿದರು. ಆಲೂಗಡ್ಡೆ ಬೆಳೆಗೆ ರೋಗ ತಗುಲಿ 1845ರಿಂದ ದೇಶವನ್ನು ಕಾಡಿದ ಮಹಾಕ್ಷಾಮದ ವರ್ಷಗಳು ಇವರ ಬಾಲ್ಯದ ವರ್ಷಗಳೂ ಆಗಿದ್ದವು. ಚಿಕ್ಕ ವಯಸ್ಸಿನಲ್ಲೇ ದುಡಿಮೆಗೆ ಇಳಿದ ಇವರು ವಾಟರ್‌ಫರ್ಡ್ ಪ್ರಾಂತ್ಯದ ಕರಾಮೋರ್ ಎಂಬಲ್ಲಿ ಜಮೀನ್ದಾರರೊಬ್ಬರ ತೋಟದಲ್ಲಿ ಆಳಾಗಿ ಸೇರಿದರು. ಅಂದಿನ ದೊಡ್ಡ ಎಸ್ಟೇಟುಗಳಲ್ಲಿ ತೋಟದ ಹುಡುಗರು ನೀರು ಹೊರುವುದು, ಕುಂಡ ತೊಳೆಯುವುದು, ಕಳೆ ಕೀಳುವುದು ಮುಂತಾದ ಕೆಲಸಗಳಿಂದ ಆರಂಭಿಸಿ ಹಂತಹಂತವಾಗಿ ಮೇಲೇರುತ್ತಿದ್ದರು. ರಾಬಿನ್ಸನ್ ಕೂಡ ಇದೇ ದಾರಿಯಲ್ಲಿ ಕೆಲಸ ಕಲಿತರು.

ಅನಂತರ ಅವರು ಇಂದಿನ ಲೀಶ್ ಪ್ರಾಂತ್ಯದ ಬ್ಯಾಲಿಕಿಲ್ಕಾವನ್ ಎಸ್ಟೇಟಿಗೆ ಬಂದರು. 21ರ ವಯಸ್ಸಿನ ಹೊತ್ತಿಗೆ ಅಲ್ಲಿನ ಅನೇಕ ಗಾಜಿನ ಮನೆಗಳ ಉಸ್ತುವಾರಿ ಇವರ ಕೈಗೆ ಬಂದಿತ್ತು. ಉಷ್ಣವಲಯದ ಸಸ್ಯಗಳನ್ನು ಚಳಿಗಾಲದಲ್ಲಿ ಉಳಿಸಿಕೊಳ್ಳಲು ಇಂಥ ಗಾಜಿನ ಮನೆಗಳಲ್ಲಿ ರಾತ್ರಿಯಿಡೀ ಒಲೆ ಉರಿಸಬೇಕಾಗಿತ್ತು. ಬೆಂಕಿ ಆರಿದರೆ ವರ್ಷಗಳ ಶ್ರಮ ಒಂದೇ ರಾತ್ರಿಯಲ್ಲಿ ನಾಶವಾಗುವ ಸಂಭವವಿತ್ತು.

ಈ ಅವಧಿಗೆ ಸಂಬಂಧಿಸಿದಂತೆ ಒಂದು ಕಥೆ ಬಹಳ ಪ್ರಚಲಿತವಾಗಿದೆ. 1861ರ ಚಳಿಗಾಲದಲ್ಲಿ ಎಸ್ಟೇಟಿನಲ್ಲಿ ಜಗಳವಾಡಿದ ರಾಬಿನ್ಸನ್, ಕೊರೆಯುವ ಚಳಿಯ ಒಂದು ರಾತ್ರಿ ಗಾಜಿನ ಮನೆಗಳ ಬೆಂಕಿಯನ್ನು ಆರಲು ಬಿಟ್ಟು ಹೊರಟುಹೋದರು, ಇದರಿಂದ ಬೆಲೆಬಾಳುವ ಅನೇಕ ಸಸ್ಯಗಳು ಸತ್ತವು ಎಂಬುದು ಆ ಕಥೆ. ಮುಂದೆ ಗಾಜಿನ ಮನೆಯ ತೋಟಗಾರಿಕೆಯ ಕಟು ಟೀಕಾಕಾರರಾದ ವ್ಯಕ್ತಿಯ ಜೀವನಕ್ಕೆ ಈ ಪ್ರಸಂಗ ಚೆನ್ನಾಗಿ ಹೊಂದುವುದರಿಂದ ಅದು ಮತ್ತೆಮತ್ತೆ ಹೇಳಲ್ಪಟ್ಟಿದೆ. ಆದರೆ ಇದು ಅತಿರಂಜಿತ ಕಥೆಯೆಂದು ಹಲವರು ಅಭಿಪ್ರಾಯಪಟ್ಟಿದ್ದಾರೆ. ಅದೇ ವರ್ಷ ರಾಬಿನ್ಸನ್ ಡಬ್ಲಿನ್‌ಗೆ ತೆರಳಿದರು. ಗ್ಲಾಸ್‌ನೆವಿನ್ ಸಸ್ಯೋದ್ಯಾನದ ಮುಖ್ಯಸ್ಥರಾಗಿದ್ದ ಡೇವಿಡ್ ಮೂರ್ ಅವರ ನೆರವಿನಿಂದ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಸಸ್ಯೋದ್ಯಾನದಲ್ಲಿ ಇವರಿಗೆ ಕೆಲಸ ದೊರೆಯಿತು.

ಲಂಡನ್ ಮತ್ತು ಕಾಡುಹೂಗಳ ಪರಿಚಯ

ರೀಜೆಂಟ್ಸ್ ಪಾರ್ಕಿನಲ್ಲಿ ರಾಬರ್ಟ್ ಮಾರ್ನಾಕ್ ಅವರ ಕೈಕೆಳಗೆ ರಾಬಿನ್ಸನ್ ಕೆಲಸ ಮಾಡಿದರು. ಬಯಲಿನಲ್ಲಿಯೇ ಚಳಿಯನ್ನು ತಾಳಿಕೊಳ್ಳುವ ಗಟ್ಟಿ ಮೂಲಿಕಾ ಸಸ್ಯಗಳ ವಿಭಾಗವನ್ನು, ವಿಶೇಷವಾಗಿ ಬ್ರಿಟನ್ನಿನ ಕಾಡುಹೂಗಳ ಸಂಗ್ರಹವನ್ನು ಇವರಿಗೆ ವಹಿಸಲಾಗಿತ್ತು. ಈ ಕೆಲಸ ಇವರ ಮುಂದಿನ ಬದುಕಿನ ದಿಕ್ಕನ್ನು ನಿರ್ಧರಿಸಿತು. ಸಂಗ್ರಹಕ್ಕಾಗಿ ಸಸ್ಯಗಳನ್ನು ಹುಡುಕುತ್ತಾ ಹಳ್ಳಿಗಾಡಿನಲ್ಲಿ ಸುತ್ತಾಡಿದ ಇವರು ಬೇಲಿಸಾಲು, ಹಳ್ಳದ ದಂಡೆ, ಕಾಡಿನ ಅಂಚುಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆದ ಹೂಗಿಡಗಳನ್ನು ಹತ್ತಿರದಿಂದ ಕಂಡರು. ಬಡ ಹಳ್ಳಿಗರ ಗುಡಿಸಲುಗಳ ಮುಂದಿನ ಸಣ್ಣ ತೋಟಗಳಲ್ಲಿ, ಸಿರಿವಂತರ ಉದ್ಯಾನಗಳಿಂದ ಮರೆಯಾಗಿದ್ದ ಹಳೆಯ ಹೂಗಿಡಗಳು ಇನ್ನೂ ಉಳಿದಿದ್ದುದನ್ನೂ ಗಮನಿಸಿದರು.

1866ರಲ್ಲಿ ರಾಬಿನ್ಸನ್ ಲಿನ್ನಿಯನ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಇವರ ಹೆಸರನ್ನು ಅನುಮೋದಿಸಿದವರಲ್ಲಿ ಚಾರ್ಲ್ಸ್ ಡಾರ್ವಿನ್, ಸಸ್ಯವ್ಯಾಪಾರಿ ಜೇಮ್ಸ್ ವೀಚ್ ಹಾಗೂ ಡೇವಿಡ್ ಮೂರ್ ಸೇರಿದ್ದರು. ಐದು ವರ್ಷಗಳ ಹಿಂದಷ್ಟೇ ಐರ್ಲೆಂಡಿನ ಎಸ್ಟೇಟಿನ ಕೆಲಸ ಬಿಟ್ಟು ಬಂದಿದ್ದ ತೋಟಗಾರನಿಗೆ ಇದು ದೊಡ್ಡ ಮನ್ನಣೆಯಾಗಿತ್ತು. ಕೆಲವೇ ತಿಂಗಳಲ್ಲಿ ಇವರು ರೀಜೆಂಟ್ಸ್ ಪಾರ್ಕಿನ ಕೆಲಸವನ್ನು ಬಿಟ್ಟು ಬರವಣಿಗೆಯನ್ನೇ ವೃತ್ತಿಯಾಗಿಸಿಕೊಂಡರು.

ಪ್ರವಾಸಗಳು ಮತ್ತು ಮೊದಲ ಬರಹಗಳು

1867ರ ಪ್ಯಾರಿಸ್ ಮಹಾಪ್ರದರ್ಶನಕ್ಕೆ ವೀಚ್ ಸಂಸ್ಥೆಯ ಪ್ರತಿನಿಧಿಯಾಗಿ ಹೋದ ರಾಬಿನ್ಸನ್, 'ದಿ ಟೈಮ್ಸ್' ಹಾಗೂ 'ಗಾರ್ಡನರ್ಸ್ ಕ್ರಾನಿಕಲ್' ಪತ್ರಿಕೆಗಳಿಗೂ ಬರೆದರು. ಫ್ರಾನ್ಸಿನಲ್ಲಿ ಅವರು ಸಾರ್ವಜನಿಕ ಉದ್ಯಾನಗಳನ್ನು ಮಾತ್ರವಲ್ಲದೆ, ಗೋಡೆಗೆ ಹಬ್ಬಿಸಿ ಬೆಳೆಸುವ ಹಣ್ಣಿನ ಗಿಡಗಳು, ಪ್ಯಾರಿಸ್ ನಗರದ ಕೆಳಗಿನ ಹಳೆಯ ಕಲ್ಲುಗಣಿಗಳಲ್ಲಿ ನಡೆಯುತ್ತಿದ್ದ ಅಣಬೆ ಬೇಸಾಯ, ತರಕಾರಿ ಬೆಳೆಗಾರರ ಪದ್ಧತಿಗಳು ಇವೆಲ್ಲವನ್ನೂ ಪರಿಶೀಲಿಸಿದರು. ಇದರ ಫಲವಾಗಿ 1868ರಲ್ಲಿ 'ಗ್ಲೀನಿಂಗ್ಸ್ ಫ್ರಮ್ ಫ್ರೆಂಚ್ ಗಾರ್ಡನ್ಸ್' ಹಾಗೂ 1869ರಲ್ಲಿ ಪ್ಯಾರಿಸ್ ಉದ್ಯಾನಗಳ ಕುರಿತ ದೊಡ್ಡ ಗ್ರಂಥ ಪ್ರಕಟವಾದವು. ವರ್ಸೇಲ್ಸ್ ಅರಮನೆಯ ರೇಖಾಗಣಿತದಂತಹ ವಿನ್ಯಾಸ ಮಾತ್ರ ಇವರಿಗೆ ಹಿಡಿಸಲಿಲ್ಲ.

ಅನಂತರ ಇವರು ಆಲ್ಪ್ಸ್ ಪರ್ವತಗಳಲ್ಲಿ ಸಂಚರಿಸಿದರು. ಗಾಳಿ, ಹಿಮ, ಕಲ್ಲುಗಳ ನಡುವೆ ಬೆಳೆಯುವ ಪುಟ್ಟ ಹೂಗಿಡಗಳನ್ನು ತಗ್ಗು ಪ್ರದೇಶದ ಸಾಮಾನ್ಯ ತೋಟಗಳಲ್ಲೂ ಬೆಳೆಸಬಹುದೆಂದು ಅಲ್ಲಿನ ಅನುಭವದಿಂದ ಮನಗಂಡರು. 1870ರಲ್ಲಿ ಆಲ್ಪೈನ್ ಹೂಗಳ ಕುರಿತ ಇವರ ಪುಸ್ತಕ ಹೊರಬಂದಿತು. ಅದೇ ವರ್ಷ ಅಮೆರಿಕಕ್ಕೆ ಹೋಗಿ ಅಲ್ಲಿನ ಕಾಡು ಮತ್ತು ಬೆಟ್ಟಗಳ ಸಸ್ಯಗಳನ್ನೂ ನೋಡಿ ಬಂದರು.

ಆ ಕಾಲದ ಉದ್ಯಾನ ಪದ್ಧತಿ

ರಾಬಿನ್ಸನ್ ಯಾವುದನ್ನು ವಿರೋಧಿಸಿದರು ಎಂಬುದನ್ನು ಅರಿಯಲು ಹತ್ತೊಂಬತ್ತನೆಯ ಶತಮಾನದ ನಡುಭಾಗದ ಬ್ರಿಟಿಷ್ ಉದ್ಯಾನಗಳ ಸ್ಥಿತಿಯನ್ನು ತಿಳಿಯಬೇಕಾಗುತ್ತದೆ. ಗಾಜಿನ ಬೆಲೆ ಇಳಿದು, ಬಿಸಿನೀರಿನ ಕೊಳವೆಗಳಿಂದ ಗಾಜಿನ ಮನೆಗಳನ್ನು ಬೆಚ್ಚಗಿಡುವ ತಂತ್ರ ಬಳಕೆಗೆ ಬಂದ ಮೇಲೆ, ದಕ್ಷಿಣ ಆಫ್ರಿಕ, ದಕ್ಷಿಣ ಅಮೆರಿಕ ಮೊದಲಾದ ಕಡೆಗಳಿಂದ ತಂದ ಉಜ್ವಲ ಬಣ್ಣದ ಹೂಗಿಡಗಳನ್ನು ಸಾವಿರಗಟ್ಟಲೆ ಬೆಳೆಸುವುದು ಸಾಧ್ಯವಾಯಿತು. ಪೆಲಾರ್ಗೋನಿಯಂ, ಕ್ಯಾಲ್ಸಿಯೊಲೇರಿಯ, ಲೊಬೇಲಿಯ, ವರ್ಬೀನ ಮುಂತಾದವುಗಳನ್ನು ಚಳಿಗಾಲವಿಡೀ ಗಾಜಿನ ಮನೆಯಲ್ಲಿ ಕಾಪಾಡಿ, ಬೇಸಿಗೆಯ ಆರಂಭದಲ್ಲಿ ಹೊರಗಿನ ಪಾತಿಗಳಲ್ಲಿ ವೃತ್ತ, ನಕ್ಷತ್ರ, ಸುರುಳಿಗಳ ಆಕಾರದಲ್ಲಿ ನೆಡಲಾಗುತ್ತಿತ್ತು. ದೂರದಿಂದ ರತ್ನಗಂಬಳಿ ಹಾಸಿದಂತೆ ಕಾಣುತ್ತಿದ್ದ ಇಂಥ ವಿನ್ಯಾಸಕ್ಕೆ ಕಾರ್ಪೆಟ್ ಬೆಡ್ಡಿಂಗ್ ಎಂಬ ಹೆಸರು ಬಂದಿತು.

ಈ ವೈಭವ ಬೇಸಿಗೆಯ ಕೆಲವು ತಿಂಗಳುಗಳಿಗೆ ಸೀಮಿತವಾಗಿತ್ತು. ಶರತ್ಕಾಲದ ಮೊದಲ ಹಿಮ ಬಿದ್ದೊಡನೆ ಗಿಡಗಳು ಕಪ್ಪಾಗುತ್ತಿದ್ದವು. ಅನಂತರ ಮುಂದಿನ ಬೇಸಿಗೆಯವರೆಗೆ ಪಾತಿಗಳು ಬರಿಮಣ್ಣಾಗಿ ಉಳಿಯುತ್ತಿದ್ದವು. ಕಲ್ಲಿದ್ದಲು, ಗಾಜಿನ ಮನೆ ಹಾಗೂ ಹತ್ತಾರು ಆಳುಗಳ ಕೂಲಿಗೆ ದೊಡ್ಡ ಮೊತ್ತ ಬೇಕಾಗಿತ್ತು. ಇದಕ್ಕಾಗಿ ಹಳೆಯ ಬಹುವಾರ್ಷಿಕ ಹೂಗಿಡಗಳ ಅಂಚುಪಾತಿಗಳನ್ನು ಅನೇಕ ಕಡೆ ಅಗೆದು ಹಾಕಲಾಗಿತ್ತು. ಕೆನ್ಸಿಂಗ್ಟನ್‌ನಲ್ಲಿದ್ದ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಉದ್ಯಾನ ಮತ್ತು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನಗಳು ಈ ಶೈಲಿಯ ಪ್ರಸಿದ್ಧ ಮಾದರಿಗಳಾಗಿದ್ದವು. ಶ್ರೀಮಂತರನ್ನು ಅನುಕರಿಸಿ ಸಾಧಾರಣ ಮನೆಗಳವರೂ ತಮ್ಮ ಅಂಗಳದ ಪುಟ್ಟ ಪಾತಿಯಲ್ಲಿ ಇದನ್ನೇ ಮಾಡುತ್ತಿದ್ದರು. ಪ್ರತಿವರ್ಷ ಸಸಿಗಳಿಗೆ ಹಣ ತೆರುವುದು ಅವರಿಗೆ ಅನಿವಾರ್ಯವಾಗಿತ್ತು.

'ದಿ ವೈಲ್ಡ್ ಗಾರ್ಡನ್' ಮತ್ತು ವನ್ಯೋದ್ಯಾನದ ಪರಿಕಲ್ಪನೆ

1870ರಲ್ಲಿ ಪ್ರಕಟವಾದ 'ದಿ ವೈಲ್ಡ್ ಗಾರ್ಡನ್' ಗಾತ್ರದಲ್ಲಿ ಚಿಕ್ಕ ಪುಸ್ತಕ. ಅದರಲ್ಲಿ ರಾಬಿನ್ಸನ್ ಮಂಡಿಸಿದ ವಿಚಾರ ಸರಳವಾದುದು. ಪ್ರಪಂಚದ ಶೀತವಲಯಗಳಲ್ಲಿ ಬ್ರಿಟನ್ನಿನ ಹವೆಗೆ ಹೊಂದಿಕೊಳ್ಳಬಲ್ಲ ಅಸಂಖ್ಯ ಸುಂದರ ಸಸ್ಯಗಳಿವೆ. ಅವುಗಳಿಗೆ ಗಾಜಿನ ಮನೆಯಾಗಲಿ ನಿತ್ಯದ ಆರೈಕೆಯಾಗಲಿ ಬೇಕಾಗಿಲ್ಲ. ಅವುಗಳ ಸ್ವಭಾವಕ್ಕೆ ತಕ್ಕ ಜಾಗವನ್ನು ಆರಿಸಿ ನೆಟ್ಟರೆ ಅವು ಅಲ್ಲಿಯೇ ನೆಲೆಯೂರಿ, ತಾವಾಗಿಯೇ ಹರಡಿಕೊಳ್ಳುತ್ತವೆ.

ವನ್ಯೋದ್ಯಾನ ಎಂದರೆ ನಿರ್ಲಕ್ಷ್ಯಕ್ಕೊಳಗಾಗಿ ಕಾಡುಬೆಳೆದ ತೋಟವಲ್ಲ ಎಂಬುದನ್ನು ಅವರು ಸ್ಪಷ್ಟಪಡಿಸಿದ್ದರು. ಕೇವಲ ಸ್ಥಳೀಯ ಕಾಡುಹೂಗಳ ತೋಟವೂ ಅದಾಗಿರಲಿಲ್ಲ. ಸ್ಥಳೀಯ ಸಸ್ಯಗಳ ಜೊತೆಗೆ ಇತರ ದೇಶಗಳ ಗಟ್ಟಿ ಸಸ್ಯಗಳನ್ನೂ ಸಹಜವೆಂಬಂತೆ ನೆಲೆಗೊಳಿಸುವುದು ಅವರ ಉದ್ದೇಶವಾಗಿತ್ತು. ಮನೆಗೆ ಹೊಂದಿಕೊಂಡ ಹೂದೋಟವನ್ನು ತೆಗೆದುಹಾಕಬೇಕೆಂದು ಅವರು ಹೇಳಲಿಲ್ಲ. ತೋಟದ ಅಂಚು, ಮರಗಳ ಕೆಳಗಿನ ನೆರಳು, ಹಳ್ಳದ ಬದಿ, ಬೇಲಿ, ಹುಲ್ಲುಗಾವಲು, ಹಳೆಯ ಗೋಡೆ ಮುಂತಾದ ಬಳಕೆಯಾಗದ ಜಾಗಗಳು ವನ್ಯೋದ್ಯಾನಕ್ಕೆ ಸೂಕ್ತವೆಂದರು.

ಈ ಪದ್ಧತಿಯ ಪ್ರಯೋಜನಗಳನ್ನು ಅವರು ಒಂದೊಂದಾಗಿ ವಿವರಿಸಿದ್ದಾರೆ. ಅವುಗಳ ಸಾರ ಹೀಗಿದೆ:

- ಅನೇಕ ಗಟ್ಟಿ ಸಸ್ಯಗಳು ಅಗೆದು ಹದಮಾಡಿದ ಪಾತಿಗಿಂತ ತಮಗೆ ಒಗ್ಗುವ ಒರಟು ಜಾಗದಲ್ಲಿ ಚೆನ್ನಾಗಿ ಬೆಳೆಯುತ್ತವೆ.
- ಹುಲ್ಲು, ಜರೀಗಿಡ, ಬಳ್ಳಿಗಳ ಜೊತೆಯಲ್ಲಿ ಅರಳಿದ ಹೂ ಬರಿಮಣ್ಣಿನ ಮೇಲಿನ ಹೂವಿಗಿಂತ ಅಂದವಾಗಿ ಕಾಣುತ್ತದೆ.
- ಒಂದು ಗಿಡದ ಹೂ ಬಾಡಿದಾಗ ಪಕ್ಕದ ಗಿಡದ ಬೆಳವಣಿಗೆ ಅದನ್ನು ಮರೆಮಾಡುತ್ತದೆ. ಆದ್ದರಿಂದ ಬಾಡಿದ ಭಾಗಗಳನ್ನು ಮೇಲಿಂದ ಮೇಲೆ ಕತ್ತರಿಸಬೇಕಾಗಿಲ್ಲ.
- ಅಚ್ಚುಕಟ್ಟಾದ ಪಾತಿಯಲ್ಲಿ ಸ್ಥಾನ ಸಿಗದ ಎತ್ತರದ, ಹರಡಿಕೊಳ್ಳುವ ಅಥವಾ ಅಲ್ಪಕಾಲ ಮಾತ್ರ ಹೂಬಿಡುವ ಸಸ್ಯಗಳಿಗೂ ಜಾಗ ದೊರೆಯುತ್ತದೆ.
- ಪ್ರತಿವರ್ಷ ನೆಡುವ, ಕೀಳುವ ಕೆಲಸ ತಪ್ಪುತ್ತದೆ.

ಹುಲ್ಲುಹಾಸಿನಲ್ಲಿ ಗಡ್ಡೆ ಹೂಗಳನ್ನು ಬೆಳೆಸುವ ವಿಧಾನ ಈ ಪುಸ್ತಕದಿಂದ ಹೆಚ್ಚು ಜನಪ್ರಿಯವಾಯಿತು. ಸ್ನೋಡ್ರಾಪ್, ಕ್ರೋಕಸ್, ಸಿಲ್ಲಾ, ಡ್ಯಾಫೊಡಿಲ್ ಮುಂತಾದವುಗಳ ಗಡ್ಡೆಗಳನ್ನು ಸಾಲಾಗಿ ನೆಡದೆ, ಚೆದುರಿದ ಗುಂಪುಗಳಾಗಿ ಹುಲ್ಲಿನ ನಡುವೆ ನೆಟ್ಟರೆ ಅವು ಚಳಿಗಾಲದ ಕೊನೆಯಿಂದ ವಸಂತದವರೆಗೆ ಒಂದರ ಹಿಂದೆ ಒಂದರಂತೆ ಅರಳುತ್ತವೆ. ಇದಕ್ಕೆ ಪಾಲಿಸಬೇಕಾದ ಮುಖ್ಯ ನಿಯಮವೊಂದಿದೆ. ಹೂ ಮುಗಿದ ಮೇಲೆ ಎಲೆಗಳು ತಾವಾಗಿಯೇ ಹಳದಿಯಾಗಿ ಒಣಗುವವರೆಗೆ ಆ ಭಾಗದ ಹುಲ್ಲನ್ನು ಕತ್ತರಿಸಬಾರದು. ಏಕೆಂದರೆ ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರವನ್ನು ಗಡ್ಡೆಯು ಈ ಎಲೆಗಳ ಮೂಲಕವೇ ಸಂಗ್ರಹಿಸಿಕೊಳ್ಳುತ್ತದೆ. ಹುಲ್ಲುಹಾಸನ್ನು ಎಡೆಬಿಡದೆ ಕತ್ತರಿಸುತ್ತಿರುವ ಅಭ್ಯಾಸವನ್ನು ರಾಬಿನ್ಸನ್ ವ್ಯರ್ಥ ಶ್ರಮವೆಂದು ಪರಿಗಣಿಸಿದ್ದರು. ಮನೆಯ ಹತ್ತಿರದ ಭಾಗವನ್ನು ಮಾತ್ರ ಮಟ್ಟಸವಾಗಿಟ್ಟು, ಉಳಿದುದನ್ನು ಬೇಸಿಗೆಯಲ್ಲಿ ಒಣಹುಲ್ಲಿಗಾಗಿ ಒಮ್ಮೆ ಕೊಯ್ದರೆ ಸಾಕೆಂಬುದು ಅವರ ಸಲಹೆಯಾಗಿತ್ತು.

ಪೊದೆಗಿಡಗಳ ಬುಡವನ್ನು ಪ್ರತಿ ಚಳಿಗಾಲದಲ್ಲಿ ಅಗೆಯುವ ರೂಢಿಯನ್ನೂ ಅವರು ಖಂಡಿಸಿದರು. ಅಗೆತದಿಂದ ಬೇರುಗಳು ಕಡಿದುಹೋಗುತ್ತವೆ, ನೆಲ ಬರಿದಾಗಿ ಕಳೆ ಹೆಚ್ಚುತ್ತದೆ. ಅದರ ಬದಲು ನೆರಳಿನಲ್ಲಿ ಬೆಳೆಯುವ ಕುಳ್ಳ ಗಿಡಗಳನ್ನು ನೆಟ್ಟು ನೆಲವನ್ನು ಮುಚ್ಚಿದರೆ ತೇವ ಉಳಿಯುತ್ತದೆ, ಕಳೆಯೂ ಕಡಿಮೆಯಾಗುತ್ತದೆ. ಇಂದಿನ ತೋಟಗಾರಿಕೆಯಲ್ಲಿ ನೆಲಹೊದಿಕೆ ಸಸ್ಯಗಳೆಂದು ಕರೆಯಲಾಗುವ ಕ್ರಮವನ್ನು ಇದು ಬಹುಮಟ್ಟಿಗೆ ಹೋಲುತ್ತದೆ.

ಮೊದಲ ಆವೃತ್ತಿಯಲ್ಲಿ ಒಳಚಿತ್ರಗಳಿರಲಿಲ್ಲ. 1881ರ ಆವೃತ್ತಿಗೆ ಚಿತ್ರಕಾರ ಆಲ್ಫ್ರೆಡ್ ಪಾರ್ಸನ್ಸ್ ರಚಿಸಿದ ಚಿತ್ರಗಳು ಸೇರಿದ ಮೇಲೆ ಪುಸ್ತಕದ ಜನಪ್ರಿಯತೆ ಹೆಚ್ಚಿತು.

ಪತ್ರಿಕೆಗಳು

ರಾಬಿನ್ಸನ್ 1871ರಲ್ಲಿ 'ದಿ ಗಾರ್ಡನ್' ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಜಾನ್ ರಸ್ಕಿನ್, ವಿಲಿಯಂ ಮಾರಿಸ್, ಗುಲಾಬಿ ಬೆಳೆಗಾರರೂ ಪಾದ್ರಿಯೂ ಆಗಿದ್ದ ಡೀನ್ ಹೋಲ್ ಮುಂತಾದವರ ಬರಹಗಳು ಇದರಲ್ಲಿ ಪ್ರಕಟವಾದವು. 1879ರಲ್ಲಿ ಆರಂಭವಾದ 'ಗಾರ್ಡನಿಂಗ್ ಇಲಸ್ಟ್ರೇಟೆಡ್' ಕಡಿಮೆ ಬೆಲೆಯ ವಾರಪತ್ರಿಕೆ. ನಗರದ ಹೊರವಲಯಗಳಲ್ಲಿ ಹೊಸದಾಗಿ ಮನೆ ಮಾಡಿಕೊಂಡು, ಅಂಗಳದ ಅಲ್ಪ ಜಾಗದಲ್ಲಿ ತಾವೇ ಕೆಲಸ ಮಾಡುತ್ತಿದ್ದ ಮಧ್ಯಮ ವರ್ಗದ ಓದುಗರನ್ನು ಇದು ತಲುಪಿತು. ಆಳುಗಳಾಗಲಿ ಗಾಜಿನ ಮನೆಯಾಗಲಿ ಇಲ್ಲದ ಇವರಿಗೆ ಕಡಿಮೆ ಆರೈಕೆಯ ಗಟ್ಟಿ ಹೂಗಿಡಗಳ ಕುರಿತ ಮಾಹಿತಿ ನೇರವಾಗಿ ಉಪಯುಕ್ತವಾಗಿತ್ತು. ಪತ್ರಿಕೆಗಳ ಹಾಗೂ ಪುಸ್ತಕಗಳ ಆದಾಯದಿಂದ ರಾಬಿನ್ಸನ್ ಶ್ರೀಮಂತರಾದರು.

ತೋಟಗಾರ್ತಿ ಗರ್ಟ್ರೂಡ್ ಜೀಕಿಲ್ ಅವರು 1875ರಲ್ಲಿ 'ದಿ ಗಾರ್ಡನ್' ಪತ್ರಿಕೆಯ ಕಚೇರಿಯಲ್ಲಿ ರಾಬಿನ್ಸನ್ ಅವರನ್ನು ಮೊದಲ ಬಾರಿಗೆ ಭೇಟಿಯಾದರು. ಚಿತ್ರಕಲೆಯ ಶಿಕ್ಷಣ ಪಡೆದಿದ್ದ ಜೀಕಿಲ್, ಹೂಗಳ ಬಣ್ಣಗಳ ಹೊಂದಾಣಿಕೆಯ ಕುರಿತು ಬರೆಯತೊಡಗಿದರು. ಇಬ್ಬರ ನಡುವಿನ ಸ್ನೇಹ ದಶಕಗಳ ಕಾಲ ಮುಂದುವರಿಯಿತು. 1899ರಲ್ಲಿ ರಾಬಿನ್ಸನ್ ಸಂಪಾದಕತ್ವದಿಂದ ಹಿಂದೆ ಸರಿದಾಗ, ಜೀಕಿಲ್ ಅವರು ಅರ್ನೆಸ್ಟ್ ಕುಕ್ ಜೊತೆಗೂಡಿ ಕೆಲಕಾಲ ಆ ಪತ್ರಿಕೆಯ ಸಂಪಾದಕರಾಗಿದ್ದರು.

'ದಿ ಇಂಗ್ಲಿಷ್ ಫ್ಲವರ್ ಗಾರ್ಡನ್'

1883ರಲ್ಲಿ ಪ್ರಕಟವಾದ ಈ ಗ್ರಂಥ ಎರಡು ಭಾಗಗಳನ್ನು ಹೊಂದಿದೆ. ಮೊದಲ ಭಾಗದಲ್ಲಿ ಉದ್ಯಾನ ವಿನ್ಯಾಸದ ಕುರಿತ ಪ್ರಬಂಧಗಳಿವೆ. ಎರಡನೆಯ ಭಾಗ, ಇಂಗ್ಲೆಂಡಿನ ಬಯಲಿನಲ್ಲಿ ಬೆಳೆಯಬಲ್ಲ ಹೂಗಿಡಗಳನ್ನು ಅಕಾರಾದಿಯಾಗಿ ವಿವರಿಸುವ ಕೋಶ. ಜೀಕಿಲ್ ಸೇರಿದಂತೆ ಅನೇಕ ತೋಟಗಾರರು ಇದಕ್ಕೆ ಲೇಖನಗಳನ್ನು ಒದಗಿಸಿದರು. ಲ್ಯಾಟಿನ್ ಹೆಸರುಗಳ ಜೊತೆಗೆ ಜನಸಾಮಾನ್ಯರ ಬಾಯಲ್ಲಿರುವ ಇಂಗ್ಲಿಷ್ ಹೆಸರುಗಳನ್ನು ಬಳಕೆಗೆ ತರಲು ರಾಬಿನ್ಸನ್ ಶ್ರಮಿಸಿದರು. ಅವರ ಜೀವಿತಾವಧಿಯಲ್ಲಿಯೇ ಇದರ 15 ಆವೃತ್ತಿಗಳು ಹೊರಬಂದವು. ಪ್ರತಿ ಸಲವೂ ಪಠ್ಯವನ್ನು ಪರಿಷ್ಕರಿಸುತ್ತಿದ್ದುದರಿಂದ ಅವರ ಅಭಿಪ್ರಾಯಗಳು ಕಾಲಕ್ರಮದಲ್ಲಿ ಹೇಗೆ ಬದಲಾದವೆಂಬುದನ್ನೂ ಈ ಆವೃತ್ತಿಗಳಿಂದ ತಿಳಿಯಬಹುದು.

ವಾಸ್ತುಶಿಲ್ಪಿಗಳೊಂದಿಗಿನ ವಿವಾದ

1892ರಲ್ಲಿ ವಾಸ್ತುಶಿಲ್ಪಿ ರೆಜಿನಾಲ್ಡ್ ಬ್ಲಾಮ್‌ಫೀಲ್ಡ್ 'ದಿ ಫಾರ್ಮಲ್ ಗಾರ್ಡನ್ ಇನ್ ಇಂಗ್ಲೆಂಡ್' ಎಂಬ ಪುಸ್ತಕವನ್ನು ಪ್ರಕಟಿಸಿದರು. ಉದ್ಯಾನವು ಮನೆಯ ವಿಸ್ತರಣೆಯಾದ್ದರಿಂದ ಅದನ್ನು ವಿನ್ಯಾಸಗೊಳಿಸುವ ಹೊಣೆ ವಾಸ್ತುಶಿಲ್ಪಿಯದೇ ಆಗಿರಬೇಕು, ಪ್ರಕೃತಿಯನ್ನು ಅನುಕರಿಸುವ ತೋಟಗಾರರಿಗೆ ವಿನ್ಯಾಸದ ಅರಿವಿಲ್ಲ ಎಂಬುದು ಅವರ ವಾದವಾಗಿತ್ತು. ಇದಕ್ಕೆ ಪ್ರತಿಯಾಗಿ ರಾಬಿನ್ಸನ್ ಅದೇ ವರ್ಷ 'ಗಾರ್ಡನ್ ಡಿಸೈನ್ ಅಂಡ್ ಆರ್ಕಿಟೆಕ್ಟ್ಸ್ ಗಾರ್ಡನ್ಸ್' ಎಂಬ ಕಿರುಹೊತ್ತಗೆಯನ್ನು ಬರೆದರು. ಸಸ್ಯಗಳ ಬೆಳವಣಿಗೆ, ಮಣ್ಣು, ಋತುಮಾನಗಳನ್ನು ಅರಿಯದವರು ಕಾಗದದ ಮೇಲೆ ಎಳೆದ ಗೆರೆಗಳು ಉದ್ಯಾನವಾಗಲಾರವು ಎಂದು ಅವರು ವಾದಿಸಿದರು. ಮರಗಳನ್ನು ಪ್ರಾಣಿ, ಗೋಪುರಗಳ ಆಕಾರಕ್ಕೆ ಕತ್ತರಿಸುವುದನ್ನು ಅವರು ಸಸ್ಯಕ್ಕೆ ಮಾಡುವ ಅಪಚಾರವೆಂದು ಕಂಡರು.

ಎರಡೂ ಕಡೆಯ ಮಾತುಗಳು ಹರಿತವಾಗಿದ್ದವು. ರಾಬಿನ್ಸನ್ ವಾದಗಳಲ್ಲಿ ಸಂಯಮಕ್ಕಿಂತ ಕೋಪ ಹೆಚ್ಚಾಗಿತ್ತೆಂಬ ಟೀಕೆ ಇದೆ. ಮುಂದಿನ ವರ್ಷಗಳಲ್ಲಿ ಜೀಕಿಲ್ ಹಾಗೂ ಯುವ ವಾಸ್ತುಶಿಲ್ಪಿ ಎಡ್ವಿನ್ ಲಟ್ಯೆನ್ಸ್ ಜೊತೆಯಾಗಿ ರಚಿಸಿದ ಉದ್ಯಾನಗಳಲ್ಲಿ ಈ ಎರಡು ಪಂಥಗಳು ಬೆರೆತವು. ಗೋಡೆ, ಮೆಟ್ಟಿಲು, ಕೊಳಗಳು ಕ್ರಮಬದ್ಧವಾಗಿದ್ದರೆ, ಅವುಗಳ ನಡುವಿನ ಹೂಗಿಡಗಳು ಸ್ವಚ್ಛಂದವಾಗಿ ಬೆಳೆಯುತ್ತಿದ್ದವು. ಇದೇ ಲಟ್ಯೆನ್ಸ್ ಮುಂದೆ ನವದೆಹಲಿಯ ನಿರ್ಮಾಣದಲ್ಲಿ ಪ್ರಮುಖ ಪಾತ್ರ ವಹಿಸಿದರು.

ಗ್ರೇವ್‌ಟೈ ಮ್ಯಾನರ್

1884ರಲ್ಲಿ ರಾಬಿನ್ಸನ್ ಸಸೆಕ್ಸ್ ಪ್ರಾಂತ್ಯದ ಈಸ್ಟ್ ಗ್ರಿನ್‌ಸ್ಟೆಡ್ ಬಳಿ ಇರುವ ಗ್ರೇವ್‌ಟೈ ಮ್ಯಾನರ್ ಎಂಬ ಎಲಿಜಬೆತ್ ಕಾಲದ ಕಲ್ಲುಮನೆಯನ್ನು, ಸುಮಾರು 200 ಎಕರೆ ಭೂಮಿಯೊಡನೆ ಕೊಂಡರು. ಕಾಲಕ್ರಮದಲ್ಲಿ ಸುತ್ತಲಿನ ಭೂಮಿಯನ್ನೂ ಸೇರಿಸಿಕೊಂಡು ಎಸ್ಟೇಟ್ 1,000 ಎಕರೆಯನ್ನು ಮೀರಿತು. ಜಮೀನ್ದಾರರ ತೋಟದಲ್ಲಿ ಆಳಾಗಿ ದುಡಿದ ವ್ಯಕ್ತಿ ತನ್ನ ಬರವಣಿಗೆಯ ಸಂಪಾದನೆಯಿಂದಲೇ ಜಮೀನ್ದಾರನಾದುದು ಆ ಕಾಲದಲ್ಲಿ ಅಪರೂಪದ ಸಂಗತಿಯಾಗಿತ್ತು.

ಐವತ್ತು ವರ್ಷಗಳ ಕಾಲ ಗ್ರೇವ್‌ಟೈ ಅವರ ಪ್ರಯೋಗಶಾಲೆಯಾಯಿತು. ಕಾಡಿನ ಅಂಚುಗಳಲ್ಲಿ ಸೈಕ್ಲಮೆನ್, ಸಿಲ್ಲಾ, ಅನಿಮೋನ್‌ಗಳನ್ನು ನೆಲೆಗೊಳಿಸಿದರು. 1897ರಲ್ಲಿ ಕೆರೆಯೊಂದರ ದಂಡೆಯಲ್ಲಿ ನಾರ್ಸಿಸಸ್ ಜಾತಿಯ ಸುಮಾರು 1,00,000 ಗಡ್ಡೆಗಳನ್ನು ನೆಡಿಸಿದರು. ತಾವು ನೆಟ್ಟದ್ದು, ಉಳಿದದ್ದು, ಸತ್ತದ್ದು ಎಲ್ಲವನ್ನೂ ದಿನಚರಿಯ ರೂಪದಲ್ಲಿ ಬರೆದಿಟ್ಟು, 1911ರಲ್ಲಿ ಗ್ರೇವ್‌ಟೈಯ ಇಪ್ಪತ್ತು ವರ್ಷಗಳ ಕೆಲಸದ ಕುರಿತು ಪುಸ್ತಕವನ್ನು ಪ್ರಕಟಿಸಿದರು. ಹೆನ್ರಿ ಮೂನ್ ಮುಂತಾದ ಚಿತ್ರಕಾರರು ಇಲ್ಲಿಯ ಹೂಗಳನ್ನು, ದೃಶ್ಯಗಳನ್ನು ಚಿತ್ರಿಸಿದರು.

ಮನೆಗೆ ಹೊಂದಿಕೊಂಡ ಹೂದೋಟದಲ್ಲಿ ಮಾತ್ರ ರಾಬಿನ್ಸನ್ ಆಯತಾಕಾರದ ಪಾತಿಗಳನ್ನೂ ಕಲ್ಲುಹಾಸಿನ ನೇರ ದಾರಿಗಳನ್ನೂ ಮಾಡಿಸಿದ್ದರು. ಕ್ರಮಬದ್ಧ ಉದ್ಯಾನಗಳ ವಿರೋಧಿಯೇ ನೇರ ಗೆರೆಗಳನ್ನು ಬಳಸಿದ್ದನ್ನು ಟೀಕಾಕಾರರು ಎತ್ತಿ ತೋರಿಸಿದ್ದಾರೆ. ಆದರೆ ಮನೆಯ ಬಳಿ ಸರಳ ರೇಖೆಗಳ ಪಾತಿಗಳು ಇರಬಾರದೆಂದು ಅವರು ಎಂದೂ ಹೇಳಿರಲಿಲ್ಲ. ಪಾತಿಯೊಳಗಿನ ಗಿಡಗಳು ಶಾಶ್ವತವಾಗಿ ನೆಲೆಯೂರಿದವಾಗಿರಬೇಕು ಎಂಬುದಷ್ಟೇ ಅವರ ಒತ್ತಾಯವಾಗಿತ್ತು. ಈ ಪಾತಿಗಳಲ್ಲಿ ಅವರು ಟೀ ಗುಲಾಬಿಗಳನ್ನು ಬೆಳೆಸಿ, ಅವುಗಳ ಬುಡದಲ್ಲಿ ಬರಿಮಣ್ಣು ಕಾಣದಂತೆ ವಯೋಲ ಮತ್ತು ಪ್ಯಾನ್ಸಿಗಳನ್ನು ಹರಡಿದ್ದರು. ಗುಲಾಬಿಯ ಬುಡದಲ್ಲಿ ಬೇರೆ ಗಿಡ ಇರಬಾರದೆಂಬ ಅಂದಿನ ನಂಬಿಕೆಗೆ ಇದು ವಿರುದ್ಧವಾಗಿತ್ತು.

ಗ್ರೇವ್‌ಟೈಯ ಮುಖ್ಯ ತೋಟಗಾರರಾಗಿದ್ದ ಅರ್ನೆಸ್ಟ್ ಮಾರ್ಕಮ್ ಕ್ಲೆಮ್ಯಾಟಿಸ್ ಬಳ್ಳಿಗಳ ತಜ್ಞರಾಗಿ ಹೆಸರಾದರು. ಅವರ ಹೆಸರಿನ ಕ್ಲೆಮ್ಯಾಟಿಸ್ ತಳಿ ಹಾಗೂ 'ಗ್ರೇವ್‌ಟೈ ಬ್ಯೂಟಿ' ಎಂಬ ಕೆಂಪು ಹೂವಿನ ತಳಿ ಇಂದಿಗೂ ಬಳಕೆಯಲ್ಲಿವೆ.

ಹರಡುವ ಸಸ್ಯಗಳ ಸಮಸ್ಯೆ

ತಾನಾಗಿಯೇ ಹರಡುವ ಗುಣವನ್ನು ರಾಬಿನ್ಸನ್ ಸಸ್ಯದ ಹಿರಿಮೆಯೆಂದು ಭಾವಿಸಿದ್ದರು. ಇದರ ಅಪಾಯ ಅನಂತರ ಬೆಳಕಿಗೆ ಬಂದಿತು. ಅವರು ವನ್ಯೋದ್ಯಾನಕ್ಕೆ ಶಿಫಾರಸು ಮಾಡಿದ್ದ ಸಸ್ಯಗಳಲ್ಲಿ ಜಪಾನೀಸ್ ನಾಟ್‌ವೀಡ್ ಮತ್ತು ಜೈಂಟ್ ಹಾಗ್‌ವೀಡ್ ಸೇರಿದ್ದವು. ಮೊದಲನೆಯದು ನೆಲದಡಿಯ ಕಾಂಡದ ಸಣ್ಣ ತುಂಡಿನಿಂದಲೂ ಚಿಗುರಿ ಇತರ ಸಸ್ಯಗಳನ್ನು ಮುಚ್ಚಿಬಿಡುತ್ತದೆ. ಎರಡನೆಯದರ ರಸ ಚರ್ಮಕ್ಕೆ ತಗುಲಿ ಬಿಸಿಲು ಬಿದ್ದರೆ ಸುಟ್ಟಗಾಯಗಳಂತಹ ಬೊಕ್ಕೆಗಳಾಗುತ್ತವೆ. ನಾಟ್‌ವೀಡನ್ನು ನೆಡುವುದಕ್ಕಿಂತ ನಿರ್ಮೂಲ ಮಾಡುವುದು ಕಷ್ಟವೆಂದು ರಾಬಿನ್ಸನ್ ತಮ್ಮ ನಂತರದ ಬರಹಗಳಲ್ಲಿ ಎಚ್ಚರಿಸಿದ್ದಾರೆ. ಆದರೆ ಅಷ್ಟರಲ್ಲಿ ಈ ಸಸ್ಯಗಳು ಅನೇಕ ತೋಟಗಳನ್ನು ತಲುಪಿದ್ದವು. ಇವುಗಳ ಹರಡುವಿಕೆಗೆ ರಾಬಿನ್ಸನ್ ಒಬ್ಬರೇ ಕಾರಣರಲ್ಲ. ಸಸ್ಯವ್ಯಾಪಾರಿಗಳು ಹಾಗೂ ಸಸ್ಯೋದ್ಯಾನಗಳೂ ಇವುಗಳನ್ನು ಅಲಂಕಾರಿಕ ಗಿಡಗಳೆಂದು ಹಂಚಿದ್ದವು. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯು ಬ್ರಿಟನ್ನಿನಲ್ಲಿ ಇವೆರಡನ್ನೂ ಕಾಡಿನಲ್ಲಿ ನೆಡುವುದನ್ನು ಅಪರಾಧವಾಗಿಸಿತು. ಈ ಕಾರಣದಿಂದ ಇಂದು ವನ್ಯೋದ್ಯಾನ ಬೆಳೆಸುವವರು ಸ್ಥಳೀಯ ಸಸ್ಯಗಳಿಗೆ ಆದ್ಯತೆ ನೀಡಿ, ಹೊರಗಿನ ಸಸ್ಯಗಳ ಹರಡುವ ಸ್ವಭಾವವನ್ನು ಮೊದಲೇ ಪರಿಶೀಲಿಸುತ್ತಾರೆ.

ಕೊನೆಯ ವರ್ಷಗಳು

ರಾಬಿನ್ಸನ್ ಅವಿವಾಹಿತರಾಗಿದ್ದರು. ಎಪ್ಪತ್ತರ ವಯಸ್ಸಿನ ಆಸುಪಾಸಿನಲ್ಲಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾದುದರಿಂದ ಉಳಿದ ಜೀವನವನ್ನು ಗಾಲಿಕುರ್ಚಿಯಲ್ಲಿ ಕಳೆಯಬೇಕಾಯಿತು. ಆದರೂ ತೋಟದ ಕೆಲಸಗಳ ಮೇಲ್ವಿಚಾರಣೆ ಹಾಗೂ ಬರವಣಿಗೆಯನ್ನು ನಿಲ್ಲಿಸಲಿಲ್ಲ. 1912ರಲ್ಲಿ ಕ್ಲೆಮ್ಯಾಟಿಸ್ ಬಳ್ಳಿಗಳ ಕುರಿತೂ, 1917ರಲ್ಲಿ ಮನೆಯನ್ನು ಸೌದೆಯಿಂದ ಬೆಚ್ಚಗಿಡುವ ಕುರಿತೂ ಪುಸ್ತಕಗಳನ್ನು ಪ್ರಕಟಿಸಿದರು.

ಶವದಹನ ಪದ್ಧತಿ ಬ್ರಿಟನ್ನಿನಲ್ಲಿ ಇನ್ನೂ ಒಪ್ಪಿತವಾಗಿರದ ಕಾಲದಲ್ಲಿಯೇ ರಾಬಿನ್ಸನ್ ಅದನ್ನು ಬೆಂಬಲಿಸಿದ್ದರು. 1880ರಲ್ಲಿ ಪ್ರಕಟಿಸಿದ 'ಗಾಡ್ಸ್ ಏಕರ್ ಬ್ಯೂಟಿಫುಲ್' ಕೃತಿಯಲ್ಲಿ, ಕಿಕ್ಕಿರಿದ ಸ್ಮಶಾನಗಳ ಬದಲು ಚಿತಾಭಸ್ಮವನ್ನು ಇರಿಸುವ ಹಸಿರು ಉದ್ಯಾನಗಳನ್ನು ರೂಪಿಸಬೇಕೆಂದು ಸೂಚಿಸಿದ್ದರು. 1902ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಗೋಲ್ಡರ್ಸ್ ಗ್ರೀನ್ ಚಿತಾಗಾರದ ಉದ್ಯಾನವನ್ನು ಅವರೇ ವಿನ್ಯಾಸಗೊಳಿಸಿದರು. 1935ರ ಮೇ ತಿಂಗಳಲ್ಲಿ, 96ನೆಯ ವಯಸ್ಸಿನಲ್ಲಿ ನಿಧನರಾದ ಅವರ ಅಂತ್ಯಸಂಸ್ಕಾರ ಅಲ್ಲಿಯೇ ನಡೆಯಿತು.

ಪರಂಪರೆ

ರಾಬಿನ್ಸನ್ ತಮ್ಮ ಎಸ್ಟೇಟನ್ನು ಅರಣ್ಯ ಸಂವರ್ಧನೆಗಾಗಿ ರಾಷ್ಟ್ರಕ್ಕೆ ಬಿಟ್ಟುಕೊಟ್ಟರು. ಅದು ಅರಣ್ಯ ಆಯೋಗದ ವಶಕ್ಕೆ ಬಂದಿತು. ಆದರೆ ಮನೆ ಹಾಗೂ ಹೂದೋಟಗಳು ಆರೈಕೆಯಿಲ್ಲದೆ ಹಾಳುಬಿದ್ದವು. 1958ರಲ್ಲಿ ಗುತ್ತಿಗೆ ಪಡೆದವರೊಬ್ಬರು ಅಲ್ಲಿ ಹೋಟೆಲ್ ಆರಂಭಿಸಿ ತೋಟವನ್ನು ಮತ್ತೆ ರೂಪಿಸಿದರು. 21ನೆಯ ಶತಮಾನದಲ್ಲಿ ರಾಬಿನ್ಸನ್ ಅವರ ಆಶಯಕ್ಕೆ ಅನುಗುಣವಾಗಿ ಉದ್ಯಾನದ ಪುನರುಜ್ಜೀವನ ನಡೆದಿದೆ. ಕಡಿಮೆ ಆರೈಕೆಯ ತೋಟವೂ ಸಂಪೂರ್ಣ ನಿರ್ಲಕ್ಷ್ಯದಲ್ಲಿ ಉಳಿಯಲಾರದೆಂಬುದಕ್ಕೆ ಗ್ರೇವ್‌ಟೈಯನ್ನು ಉದಾಹರಣೆಯಾಗಿ ನೀಡಲಾಗುತ್ತದೆ.

ತಿಳಿನೀಲಿ ಹೂಬಿಡುವ ಕಾಡು ಅನಿಮೋನ್‌ನ ಒಂದು ತಳಿಗೆ ಇವರ ಗೌರವಾರ್ಥ 'ರಾಬಿನ್ಸೋನಿಯಾನ' ಎಂಬ ಹೆಸರಿದೆ. ದೊಡ್ಡ ಹೂವಿನ ಲ್ಯೂಕೋಜಮ್ ತಳಿಯೊಂದು 'ಗ್ರೇವ್‌ಟೈ ಜೈಂಟ್' ಎಂದೇ ಪ್ರಸಿದ್ಧವಾಗಿದೆ. ಸಸೆಕ್ಸ್‌ನ ಗ್ರೇಟ್ ಡಿಕ್ಸ್‌ಟರ್ ಉದ್ಯಾನದ ಹೂವಿನ ಹುಲ್ಲುಗಾವಲುಗಳ ಮೇಲೆ ಇವರ ಬರಹಗಳ ಪ್ರಭಾವವಿದೆ. 'ದಿ ವೈಲ್ಡ್ ಗಾರ್ಡನ್' ಕೃತಿಯು ಹೊಸ ಅಧ್ಯಾಯಗಳು ಹಾಗೂ ಛಾಯಾಚಿತ್ರಗಳೊಂದಿಗೆ 2009ರಲ್ಲಿ ಮತ್ತೆ ಪ್ರಕಟವಾಯಿತು. ನೀರು, ಇಂಧನ ಹಾಗೂ ಕೂಲಿಯ ಮಿತಬಳಕೆಯ ದೃಷ್ಟಿಯಿಂದಲೂ, ದುಂಬಿ ಜೇನುಗಳಿಗೆ ನೆಲೆ ಒದಗಿಸುವ ದೃಷ್ಟಿಯಿಂದಲೂ ಕಾಡುಹೂಗಳ ಮನೆತೋಟಗಳು ಮತ್ತೆ ಜನಪ್ರಿಯವಾಗುತ್ತಿರುವುದರಿಂದ ಈ ಪುಸ್ತಕಕ್ಕೆ ಹೊಸ ಓದುಗರು ದೊರೆತಿದ್ದಾರೆ.

ಪ್ರಮುಖ ಕೃತಿಗಳು

- ಗ್ಲೀನಿಂಗ್ಸ್ ಫ್ರಮ್ ಫ್ರೆಂಚ್ ಗಾರ್ಡನ್ಸ್ (1868)
- ದಿ ಪಾರ್ಕ್ಸ್, ಪ್ರಾಮನೇಡ್ಸ್ ಅಂಡ್ ಗಾರ್ಡನ್ಸ್ ಆಫ್ ಪ್ಯಾರಿಸ್ (1869)
- ಆಲ್ಪೈನ್ ಫ್ಲವರ್ಸ್ ಫಾರ್ ಗಾರ್ಡನ್ಸ್ (1870)
- ದಿ ವೈಲ್ಡ್ ಗಾರ್ಡನ್ (1870)
- ಹಾರ್ಡಿ ಫ್ಲವರ್ಸ್ (1871)
- ಗಾಡ್ಸ್ ಏಕರ್ ಬ್ಯೂಟಿಫುಲ್ (1880)
- ದಿ ಇಂಗ್ಲಿಷ್ ಫ್ಲವರ್ ಗಾರ್ಡನ್ (1883)
- ಗಾರ್ಡನ್ ಡಿಸೈನ್ ಅಂಡ್ ಆರ್ಕಿಟೆಕ್ಟ್ಸ್ ಗಾರ್ಡನ್ಸ್ (1892)
- ಗ್ರೇವ್‌ಟೈ ಮ್ಯಾನರ್ (1911)
- ದಿ ವರ್ಜಿನ್ಸ್ ಬೋವರ್ (1912)
- ಮೈ ವುಡ್ ಫೈರ್ಸ್ ಅಂಡ್ ದೇರ್ ಸ್ಟೋರಿ (1917)